ಇಂಗ್ಲಿಷ್ ಕಲಿಕೆಯಲ್ಲಿ ತಪ್ಪಿನ ಬೆಲೆ

ಕೆಲವು ತಿಂಗಳ ಹಿಂದೆ ನಮ್ಮ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಅವರು ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಉಪಾಧ್ಯಾಯರು. ಅವರ ಮೇಜಿನ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳ ನಲವತ್ತು ಪುಸ್ತಕಗಳು ರಾಶಿ ಬಿದ್ದಿದ್ದುವು. ಕೆಂಪು ಮಸಿಯ ಗೀರು ಬೀಳದ ಪುಟ ಒಂದಾದರೂ ಇದ್ದಂತೆ ಕಾಣಲಿಲ್ಲ. ಕುತೂಹಲದಿಂದ ಒಂದನ್ನು ತೆರೆದೆವು. ‘ಐ ಬಾಟ್ ಫೈವ್ ಬುಕ್’ ಎಂದು ಹುಡುಗನೊಬ್ಬ ಬರೆದಿದ್ದನು. ಇನ್ನೊಂದರಲ್ಲಿ ‘ಮೈ ಬ್ರದರ್ ಕೇಮ್ ಯೆಸ್ಟರ್‌ಡೇ ಓನ್ಲಿ’ ಎಂದಿತ್ತು. ಮೂರನೆಯದರಲ್ಲಿ ‘ವೇರ್ ಯು ಆರ್ ಗೋಯಿಂಗ್?’ ಎಂಬ ಪ್ರಶ್ನೆ. ಸ್ನೇಹಿತರು ನಿಟ್ಟುಸಿರು ಬಿಟ್ಟು, “ನೋಡಿ ಸ್ವಾಮಿ, ಇಪ್ಪತ್ತು ವರ್ಷದಿಂದ ತಿದ್ದುತ್ತಿದ್ದೇನೆ. ಹುಡುಗರು ಬದಲಾಗುತ್ತಾರೆ, ತಪ್ಪು ಮಾತ್ರ ಬದಲಾಗುವುದಿಲ್ಲ. ಅದೇ ತಪ್ಪು, ಅದೇ ಜಾಗ. ಇವರ ತಲೆಗೆ ಹತ್ತುವುದೇ ಇಲ್ಲ” ಎಂದರು.

ಸ್ನೇಹಿತರ ಬೇಸರ ನಮಗೆ ಅರ್ಥವಾಯಿತು. ಆದರೆ ಅವರ ಮಾತಿನಲ್ಲಿಯೇ ಅವರ ತೀರ್ಮಾನಕ್ಕೆ ವಿರೋಧವಾದ ಒಂದು ಸಾಕ್ಷ್ಯವೂ ಅಡಗಿತ್ತು. ಅಜಾಗರೂಕತೆಯಿಂದ ಆಗುವ ತಪ್ಪು ಒಬ್ಬೊಬ್ಬನಲ್ಲಿ ಒಂದೊಂದು ಬಗೆಯಾಗಿರಬೇಕು. ದಡ್ಡತನಕ್ಕೆ ಕ್ರಮವೆಂಬುದಿಲ್ಲ. ಒಬ್ಬರನ್ನೊಬ್ಬರು ಕಾಣದ ಮಕ್ಕಳು, ಬೇರೆ ಬೇರೆ ವರ್ಷಗಳಲ್ಲಿ, ಅದೇ ಜಾಗದಲ್ಲಿ ಅದೇ ತಪ್ಪನ್ನು ಮಾಡುವರಾದರೆ ಅಲ್ಲಿ ಒಂದು ನಿಯಮ ಕೆಲಸಮಾಡುತ್ತಿದೆ ಎಂದೇ ಹೇಳಬೇಕು. ಎಲ್ಲಿ ಪುನರಾವೃತ್ತಿಯುಂಟೋ ಅಲ್ಲಿ ಕಾರಣವನ್ನು ಹುಡುಕು ಎಂಬುದು ವಿಜ್ಞಾನದ ಮೊದಲನೆಯ ಪಾಠ. ಭೌತಶಾಸ್ತ್ರದ ತರಗತಿಯಲ್ಲಿ ನಾವು ಈ ಪಾಠವನ್ನು ಒಪ್ಪುತ್ತೇವೆ. ಇಂಗ್ಲಿಷ್ ತರಗತಿಗೆ ಬಂದೊಡನೆ ಮರೆಯುತ್ತೇವೆ. ಅಲ್ಲಿ ತಪ್ಪೆಂದರೆ ಅಪರಾಧ, ಕೆಂಪು ಗೀರೆಂದರೆ ಶಿಕ್ಷೆ. ಈ ಮನೋಭಾವವು ಅನ್ಯಾಯವಾದುದು ಮಾತ್ರವಲ್ಲ, ಅವೈಜ್ಞಾನಿಕವೂ ಆದುದು ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುತ್ತೇವೆ.

ಮೇಲಿನ ಮೂರು ವಾಕ್ಯಗಳನ್ನೇ ನೋಡೋಣ. ‘ಐದು ಪುಸ್ತಕ ಕೊಂಡೆ’ ಎಂದು ಕನ್ನಡದಲ್ಲಿ ಹೇಳಿದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಐದು ಎಂಬ ಮಾತೇ ಬಹುತ್ವವನ್ನು ತಿಳಿಸಿರುವಾಗ ‘ಗಳು’ ಎಂಬ ಪ್ರತ್ಯಯವೇಕೆ ಎಂಬುದು ಆಡುನುಡಿಯ ಮಿತವ್ಯಯ. ಇಂಗ್ಲಿಷಿಗೆ ಈ ಮಿತವ್ಯಯವಿಲ್ಲ; ಅದು ಸಂಖ್ಯೆಯನ್ನು ಹೇಳಿಯೂ ಬಹುವಚನವನ್ನು ಕೇಳುತ್ತದೆ. ಎರಡನೆಯ ವಾಕ್ಯವನ್ನು ಬರೆದ ಹುಡುಗನ ಮನಸ್ಸಿನಲ್ಲಿದ್ದುದು ‘ನಮ್ಮಣ್ಣ ನಿನ್ನೆಯೇ ಬಂದ’ ಎಂಬ ಮಾತು. ಅಲ್ಲಿನ ‘ಏ’ ಎಂಬ ಒಂದೇ ಅಕ್ಷರ ಅವಧಾರಣೆಯನ್ನು ತರುತ್ತದೆ. ಅದಕ್ಕೆ ಸಮನಾದುದು ಇಂಗ್ಲಿಷಿನಲ್ಲಿ ಸಿಕ್ಕದೆ ಅವನು ‘ಓನ್ಲಿ’ ಎಂಬುದನ್ನು ತಂದು ಅದೇ ಸ್ಥಾನದಲ್ಲಿ ನಿಲ್ಲಿಸಿದನು. ಇಂಗ್ಲಿಷಿನವನಾದರೋ ಈ ಅವಧಾರಣೆಯನ್ನು ಬಹುಮಟ್ಟಿಗೆ ದನಿಯ ಒತ್ತಿನಿಂದಲೇ ಸಾಧಿಸುತ್ತಾನೆ. ಮೂರನೆಯದು ಇನ್ನೂ ಸ್ಪಷ್ಟ. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಸ್ಥಾನವನ್ನು ಬದಲಾಯಿಸಬೇಕಾಗಿಲ್ಲ. ‘ನೀನು ಮೈಸೂರಿಗೆ ಹೋಗುತ್ತಿದ್ದೀಯೆ’, ‘ನೀನು ಎಲ್ಲಿಗೆ ಹೋಗುತ್ತಿದ್ದೀಯೆ’ ಎರಡರ ಕಟ್ಟಡವೂ ಒಂದೇ. ಇಂಗ್ಲಿಷಿನಲ್ಲಿ ‘ಯು ಆರ್’ ಎಂಬುದು ಪ್ರಶ್ನೆಯಲ್ಲಿ ‘ಆರ್ ಯು’ ಎಂದು ತಿರುಗುತ್ತದೆ. ಇದು ನಮ್ಮ ಭಾಷೆಗೆ ಇಲ್ಲದ ಅಭ್ಯಾಸ.

ಹೀಗೆ ನೋಡಿದರೆ ಈ ಮೂವರು ಮಕ್ಕಳೂ ವ್ಯಾಕರಣವಿಲ್ಲದೆ ಬರೆದವರಲ್ಲ. ಬಹಳ ಚೆನ್ನಾಗಿ ತಿಳಿದಿರುವ ಒಂದು ವ್ಯಾಕರಣವನ್ನು ಇನ್ನೊಂದು ಭಾಷೆಗೆ ಅನ್ವಯಿಸಿದವರು. ಕಾಗುಣಿತ ಕಲಿಯುವ ಮೊದಲೇ, ತಾಯಿಯ ತೊಡೆಯ ಮೇಲೆ, ಅವರ ಮನಸ್ಸಿನಲ್ಲಿ ನೆಲೆಗೊಂಡ ವ್ಯಾಕರಣ ಅದು. ಹೊಸ ಮನೆ ಕಟ್ಟುವವನು ಕೈಯಲ್ಲಿರುವ ಮರಮುಟ್ಟುಗಳನ್ನು ಮೊದಲು ಬಳಸಿಕೊಳ್ಳುವಂತೆ ಅವರೂ ಬಳಸಿಕೊಂಡರು.

ಉಚ್ಚಾರಣೆಯ ವಿಷಯಕ್ಕೆ ಬಂದರೆ ನಿಯಮದ ಕೆಲಸ ಇನ್ನೂ ಸೊಗಸಾಗಿ ಕಾಣುತ್ತದೆ. ಇಂಗ್ಲಿಷಿನಿಂದ ಬಂದ ಮಾತುಗಳನ್ನು ನಮ್ಮ ಜನ ಬಸ್ಸು, ಪೆನ್ನು, ನಟ್ಟು ಎನ್ನುತ್ತಾರೆ. ಕಾರು, ರೋಡು, ಲೈಟು ಎಂದೂ ಎನ್ನುತ್ತಾರೆ. ಮೊದಲಿನ ಮೂರರಲ್ಲಿ ವ್ಯಂಜನ ಇಮ್ಮಡಿಯಾಗಿದೆ, ಕೊನೆಯ ಮೂರರಲ್ಲಿ ಆಗಿಲ್ಲ. ಏಕೆ? ಹ್ರಸ್ವ ಸ್ವರದ ಮುಂದೆ ಇಮ್ಮಡಿಯಾಗುತ್ತದೆ, ದೀರ್ಘದ ಮುಂದೆ ಆಗುವುದಿಲ್ಲ. ಎರಡೆಡೆಯಲ್ಲಿಯೂ ಕೊನೆಗೆ ಉಕಾರ ಸೇರುತ್ತದೆ. ಈ ನಿಯಮವನ್ನು ಯಾವ ಶಾಲೆಯೂ ಹೇಳಿಕೊಡಲಿಲ್ಲ. ಹಳಗನ್ನಡದ ಕಲ್, ಕಣ್, ಕಾಲ್, ಪಾಲ್ ಎಂಬ ಶಬ್ದಗಳು ಹೊಸಗನ್ನಡದಲ್ಲಿ ಕಲ್ಲು, ಕಣ್ಣು, ಕಾಲು, ಹಾಲು ಆದುದನ್ನು ನೆನೆದುಕೊಳ್ಳಿರಿ. ಶತಮಾನಗಳ ಹಿಂದೆ ನಮ್ಮ ನುಡಿಯನ್ನು ತಿದ್ದಿದ ಅದೇ ನಿಯಮ ಇಂದು ಮೋಟಾರು ನಿಲ್ದಾಣದಲ್ಲಿ ನಿಂತು ‘ಬಸ್ಸು’ ಎನ್ನುವ ಹಳ್ಳಿಗನ ನಾಲಗೆಯ ಮೇಲೂ ಕುಳಿತಿದೆ. ಇದನ್ನು ಅಜ್ಞಾನವೆಂದು ನಗುವವನು ನಗುವುದು ಒಂದು ಭಾಷೆಯ ಇತಿಹಾಸವನ್ನು ನೋಡಿ.

ಹಾಗೆಯೇ ‘ಎಲೆ’ಯನ್ನು ನಾವು ಆಡುವಾಗ ಬಹುಮಟ್ಟಿಗೆ ‘ಯೆಲೆ’ ಎನ್ನುತ್ತೇವೆ, ‘ಒಲೆ’ಯನ್ನು ‘ವೊಲೆ’ ಎನ್ನುತ್ತೇವೆ. ಆದುದರಿಂದಲೇ ಇಂಗ್ಲಿಷಿನ ‘ಎಗ್’ ನಮ್ಮ ಬಾಯಲ್ಲಿ ‘ಯೆಗ್’ ಆಗುತ್ತದೆ, ‘ಓಲ್ಡ್’ ಎಂಬುದು ‘ವೋಲ್ಡ್’ ಆಗುತ್ತದೆ.

ವಾಚಕರು ತಾವೇ ಮಾಡಿನೋಡಬಹುದಾದ ಒಂದು ಸಣ್ಣ ಪ್ರಯೋಗವನ್ನು ಹೇಳುತ್ತೇವೆ. ಅಂಗೈಯನ್ನು ಬಾಯಿಗೆ ಎರಡು ಅಂಗುಲದಷ್ಟು ಹತ್ತಿರ ಹಿಡಿದು ‘ಕರ’ ಎನ್ನಿರಿ. ಅನಂತರ ಮಹಾಪ್ರಾಣವನ್ನು ಸ್ಪಷ್ಟವಾಗಿ ಉಚ್ಚರಿಸಿ ‘ಖರ’ ಎನ್ನಿರಿ. ಎರಡನೆಯ ಸಲ ಉಸಿರು ಅಂಗೈಗೆ ಬಡಿಯುವುದು ತಿಳಿಯುತ್ತದೆ. ಇಂಗ್ಲಿಷ್ ಮಾತೃಭಾಷೆಯವನು ‘ಕ್ಯಾಟ್’, ‘ಪೆನ್’ ಎನ್ನುವಾಗ ಮೊದಲ ವ್ಯಂಜನದೊಡನೆ ಇಂಥ ಉಸಿರು ಹೊರಡುತ್ತದೆ. ‘ಸ್ಕೂಲ್’, ‘ಸ್ಪಿನ್’ ಎನ್ನುವಾಗ ಹೊರಡುವುದಿಲ್ಲ. ಅವನಿಗೆ ಈ ವ್ಯತ್ಯಾಸ ಗಮನಕ್ಕೇ ಬಂದಿರುವುದಿಲ್ಲ, ಏಕೆಂದರೆ ಅವನ ಬರವಣಿಗೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ನಮಗೆ ಅಕ್ಷರವೂ ಉಂಟು, ಹೆಸರೂ ಉಂಟು. ಉಸಿರಿಲ್ಲದೆ ನಾವು ಹೇಳುವ ‘ಪೆನ್’ ಇಂಗ್ಲಿಷಿನವನ ಕಿವಿಗೆ ಒಮ್ಮೊಮ್ಮೆ ‘ಬೆನ್’ ಎಂಬಂತೆ ಕೇಳುವುದಕ್ಕೆ ಕಾರಣ ಇದೇ. ಮತ್ತೊಂದು ಉದಾಹರಣೆ: ನಮ್ಮ ತಕಾರವನ್ನು ನುಡಿಯುವಾಗ ನಾಲಗೆಯ ತುದಿ ಹಲ್ಲನ್ನು ಮುಟ್ಟುತ್ತದೆ, ಟಕಾರದಲ್ಲಿ ಹಿಂದಕ್ಕೆ ಮಡಿಚಿಕೊಂಡು ಅಂಗುಳನ್ನು ಮುಟ್ಟುತ್ತದೆ. ‘ಟೆನ್’ ಎಂಬ ಇಂಗ್ಲಿಷ್ ಮಾತಿನ ಮೊದಲ ಧ್ವನಿ ಇವೆರಡರ ನಡುವೆ, ಮೇಲು ಹಲ್ಲುಗಳ ಹಿಂದಿರುವ ಉಬ್ಬು ವಸಡಿನ ಮೇಲೆ ಹುಟ್ಟುತ್ತದೆ. ಇಷ್ಟನ್ನು ಕನ್ನಡದಲ್ಲಿ ಒಂದು ನಿಮಿಷ ಹೇಳಿ ತೋರಿಸಿದರೆ ಸಾಕು, ಹುಡುಗನ ನಾಲಗೆಗೆ ದಾರಿ ಸಿಕ್ಕುತ್ತದೆ. ಧ್ವನಿ ಹುಟ್ಟುವ ಸ್ಥಾನಗಳ ಕ್ರಮದಲ್ಲಿಯೇ ಜೋಡಿಸಿರುವ ನಮ್ಮ ವರ್ಣಮಾಲೆಯಂಥ ಸಾಧನವನ್ನು ಪಕ್ಕಕ್ಕಿಟ್ಟು, ‘ನಾನು ಹೇಳಿದಂತೆ ಹೇಳು’ ಎಂದು ಗದರಿಸುವುದು ದೀಪವಾರಿಸಿ ಸೂಜಿ ಹುಡುಕಿದಂತೆ.

ಕಿವಿಯು ಮಾತೃಭಾಷೆಗೆ ಎಷ್ಟು ಬೇಗ ಹದಗೊಳ್ಳುತ್ತದೆ ಎಂಬುದನ್ನು ಕೆನಡಾ ದೇಶದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ೧೯೮೪ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿಕೊಟ್ಟಿತು. ಅವರು ಆರಿಸಿಕೊಂಡ ಧ್ವನಿಗಳಲ್ಲಿ ನಮಗೆ ಚಿರಪರಿಚಿತವಾದ ತಕಾರ ಟಕಾರಗಳ ವ್ಯತ್ಯಾಸವೂ ಒಂದು. ಅದನ್ನು ಹಿಂದಿಯಿಂದ ತೆಗೆದುಕೊಂಡಿದ್ದರು. ಇಂಗ್ಲಿಷ್ ಮನೆಮಾತಿನ ಆರರಿಂದ ಎಂಟು ತಿಂಗಳ ಕೂಸುಗಳು ಈ ವ್ಯತ್ಯಾಸವನ್ನು ಗುರುತಿಸಿದುವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿಹೋಗಿತ್ತು. ಅಂದರೆ ಮಗುವು ಮೊದಲ ಮಾತನ್ನಾಡುವ ಕಾಲಕ್ಕೇ ಅದರ ಕಿವಿ ತನ್ನ ಭಾಷೆಗೆ ಬೇಕಾದ ಭೇದಗಳನ್ನು ಉಳಿಸಿಕೊಂಡು, ಬೇಡವಾದುವನ್ನು ಕಡೆಗಣಿಸಲು ಕಲಿತಿರುತ್ತದೆ. ತರಬೇತಿನಿಂದ ಈ ಭೇದವನ್ನು ಮತ್ತೆ ಕಲಿಯಬಹುದು. ಆದರೆ ಅದು ಶ್ರಮದ ಕೆಲಸ. ಇಂಗ್ಲಿಷರಿಗೆ ನಮ್ಮ ಊರಿನ ಹೆಸರುಗಳು ನಾಲಗೆಗೆ ಒಗ್ಗದಿದ್ದಾಗ ನಾವು ಅವರನ್ನು ಮಂದಬುದ್ಧಿಗಳೆಂದು ಕರೆಯಲಿಲ್ಲ. ಆ ಔದಾರ್ಯವನ್ನು ನಮ್ಮ ಮಕ್ಕಳಿಗೂ ತೋರಿಸಬೇಡವೆ?

ಎಲ್ಲ ತಪ್ಪುಗಳೂ ಮಾತೃಭಾಷೆಯಿಂದಲೇ ಬರುತ್ತವೆಂದು ಭಾವಿಸಬಾರದು. ೧೯೫೭ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಡೊ ಎಂಬ ಭಾಷಾವಿಜ್ಞಾನಿಯು, ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಕಲಿಯುವವನು ಎಲ್ಲಿ ಎಡವುತ್ತಾನೆಂಬುದನ್ನು ಮುಂದಾಗಿಯೇ ಊಹಿಸಬಹುದೆಂದು ಪ್ರತಿಪಾದಿಸಿದನು. ಅದರಲ್ಲಿ ಬಹಳ ಸತ್ಯಾಂಶವಿತ್ತು. ಆದರೆ ಊಹಿಸಿದ ಕೆಲವು ತಪ್ಪುಗಳು ಆಗಲಿಲ್ಲ. ಊಹಿಸದ ಕೆಲವು ಆದುವು. ಹತ್ತು ವರ್ಷಗಳ ಅನಂತರ, ೧೯೬೭ರಲ್ಲಿ, ಪಿಟ್ ಕಾರ್ಡರ್ ಎಂಬ ವಿದ್ವಾಂಸನು ಇನ್ನೊಂದು ಹೆಜ್ಜೆ ಮುಂದೆ ಹೋದನು. ಕಲಿಯುವವನ ಮನಸ್ಸು ಕೇಳಿದ ಮಾತುಗಳಿಂದ ತಾನೇ ನಿಯಮಗಳನ್ನು ಕಟ್ಟಿಕೊಂಡು ಪರೀಕ್ಷಿಸುತ್ತಿರುತ್ತದೆ. ಅವನು ಆ ದಾರಿಯಲ್ಲಿ ಎಷ್ಟು ದೂರ ಬಂದಿದ್ದಾನೆಂಬುದಕ್ಕೆ ಅವನ ತಪ್ಪುಗಳೇ ಸಾಕ್ಷಿ ಎಂಬುದು ಅವನ ವಾದದ ಸಾರ. ‘ಈಟ್’ ಎಂಬುದಕ್ಕೆ ‘ಈಟೆಡ್’ ಎಂದು ಬರೆಯುವ ನಮ್ಮ ಹುಡುಗನನ್ನು ನೋಡಿರಿ. ಇಂಗ್ಲಿಷ್ ಮನೆಮಾತಿನ ಎಳೆಯ ಮಕ್ಕಳೂ ಹಾಗೆಯೇ ಹೇಳುತ್ತಾರೆ. ನಮ್ಮ ಮನೆಯ ಮಗು ‘ಮಾಡಿದೆ’, ‘ಹಾಡಿದೆ’ ಎಂಬುದರ ಜಾಡು ಹಿಡಿದು ‘ಕೊಡಿದೆ’ ಎಂದರೆ ಅಜ್ಜಿ ನಕ್ಕು ಮುದ್ದಿಸುತ್ತಾಳೆ. ಅದೇ ಬುದ್ಧಿವಂತಿಕೆಯ ತಪ್ಪಿಗೆ ತರಗತಿಯಲ್ಲಿ ಸಿಕ್ಕುವುದು ಕೆಂಪು ಗೀರು.

ಇಲ್ಲಿಯವರೆಗೆ ಹೇಳಿದುದು ಕೇವಲ ಪಂಡಿತರ ಚರ್ಚೆಯೆಂದು ಯಾರಾದರೂ ಭಾವಿಸಬಹುದು. ಹಾಗಲ್ಲ. ತಪ್ಪನ್ನು ಅಪರಾಧವೆಂದು ಕಂಡರೆ ಅದರ ಬೆಲೆಯನ್ನು ತೆರುವವನು ವಿದ್ಯಾರ್ಥಿ. ಆ ಬೆಲೆ ಮೌನ. ನಾಲ್ಕು ಸಲ ನಗೆಗೀಡಾದ ಹುಡುಗ ಐದನೆಯ ಸಲ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದವನ ತಪ್ಪು ಹೊರಗೆ ಬರುವುದಿಲ್ಲ. ಹೊರಗೆ ಬಾರದ ತಪ್ಪನ್ನು ತಿದ್ದುವ ಬಗೆಯಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಪದವಿಪೂರ್ವ ವಿಜ್ಞಾನ ವಿಭಾಗಕ್ಕೆ ಸೇರುವವರ ಸ್ಥಿತಿಯನ್ನು ಯೋಚಿಸಿರಿ. ಅಲ್ಲಿ ಪಾಠವೂ ಪುಸ್ತಕವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ನಿನ್ನೆಯವರೆಗೆ ‘ವೇಗೋತ್ಕರ್ಷ’ವೆಂದರೇನೆಂದು ಎದ್ದು ನಿಂತು ಹೇಳುತ್ತಿದ್ದವಳು ಇಂದು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾಳೆ.

ನಮ್ಮ ಸ್ನೇಹಿತರು ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯವನ್ನು ಹೇಳಿದರು. ಭೌತಶಾಸ್ತ್ರದಲ್ಲಿ ಚುರುಕಾದ ಹುಡುಗಿ. ಕಾಲೇಜಿನ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ೩೦ ಡಿಗ್ರಿಯಲ್ಲಿರುವ ನೀರನ್ನು ‘ಬೈ ೫೦ ಡಿಗ್ರೀಸ್’ ಕಾಯಿಸಿದರೆ ಎಷ್ಟು ಶಾಖ ಬೇಕು? ಅವಳು ಅದನ್ನು ‘ಟು ೫೦ ಡಿಗ್ರೀಸ್’ ಎಂದು ಅರ್ಥಮಾಡಿಕೊಂಡು, ತಾಪದ ಏರಿಕೆ ೨೦ ಡಿಗ್ರಿ ಎಂದು ಹಿಡಿದು, ಉಳಿದ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿ ಬಂದಳು. ಏರಿಕೆ ೫೦ ಡಿಗ್ರಿಯಾಗಿತ್ತು. ನೀರು ಮುಟ್ಟಬೇಕಾದುದು ೮೦ ಡಿಗ್ರಿಯನ್ನು. ಕನ್ನಡದಲ್ಲಿ ‘೫೦ ಡಿಗ್ರಿಯವರೆಗೆ’ ಎಂಬುದಕ್ಕೂ ‘೫೦ ಡಿಗ್ರಿಯಷ್ಟು’ ಎಂಬುದಕ್ಕೂ ಇರುವ ಭೇದವನ್ನು ಐದನೆಯ ತರಗತಿಯ ಮಗುವೂ ಬಲ್ಲದು. ‘ಟು’ ಎಂದರೆ ಇಲ್ಲಿ ‘ವರೆಗೆ’, ‘ಬೈ’ ಎಂದರೆ ‘ಅಷ್ಟು’ ಎಂದು ಹಿಂದೆ ಯಾರಾದರೂ ಒಂದು ಸಲ ಹೇಳಿದ್ದರೆ ಅವಳು ಎಡವುತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಉತ್ತರ ಪತ್ರಿಕೆ ಕೈಗೆ ಬಂದಾಗ ಅವಳು ಕೇಳಲೂ ಇಲ್ಲ. ತನಗೆ ಭೌತಶಾಸ್ತ್ರ ಬರುವುದಿಲ್ಲವೆಂದು ತೀರ್ಮಾನಿಸಿಕೊಂಡಳು. ಒಂದು ಸಣ್ಣ ಇಂಗ್ಲಿಷ್ ಶಬ್ದಕ್ಕೆ ಸಂಬಂಧಿಸಿದ ತಪ್ಪು, ಒಂದು ಶಾಸ್ತ್ರದ ಮೇಲಿನ ನಂಬಿಕೆಯನ್ನೇ ಕಿತ್ತುಕೊಂಡಿತು.

ಇದನ್ನು ಕೇಳಿದೊಡನೆ ಕೆಲವರು, “ಅದಕ್ಕೇ ಒಂದನೆಯ ತರಗತಿಯಿಂದಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸಿಬಿಡಬೇಕು” ಎನ್ನುವರು. ಮಕ್ಕಳಿಗೆ ಇಂಗ್ಲಿಷ್ ಬರಬೇಕೆಂಬ ತಂದೆತಾಯಿಗಳ ಆಸೆಯನ್ನು ನಾವು ತಿರಸ್ಕರಿಸುವುದಿಲ್ಲ. ಅದು ನ್ಯಾಯವಾದ ಆಸೆ. ಆದರೆ ಇಂಗ್ಲಿಷನ್ನು ಕಲಿಸುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಸುವುದು ಬೇರೆ. ಮೊದಲನೆಯದು ಭಾಷೆಯ ಶಿಕ್ಷಣ. ಎರಡನೆಯದು, ಇನ್ನೂ ಬಾರದ ಭಾಷೆಯ ಮೂಲಕ ಗಣಿತ, ವಿಜ್ಞಾನಗಳನ್ನು ತುಂಬುವ ಪ್ರಯತ್ನ. ಮಗುವಿಗೆ ಶಿಕ್ಷಣ ಕೊಡಲು ಅತ್ಯುತ್ತಮವಾದ ಮಾಧ್ಯಮ ಅದರ ಮಾತೃಭಾಷೆಯೆಂದು ಯುನೆಸ್ಕೊ ಸಂಸ್ಥೆಯು ೧೯೫೩ರಲ್ಲಿಯೇ ಸಾರಿತು. ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲವೆಂದು, ಕರ್ನಾಟಕದ ಮೊಕದ್ದಮೆಯಲ್ಲಿಯೇ, ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಪಿತ್ತಿದೆ. ಆದುದರಿಂದ ನಾವು ಇಲ್ಲಿ ಕಡ್ಡಾಯದ ಮಾತನ್ನಾಡುತ್ತಿಲ್ಲ, ತಿಳಿವಳಿಕೆಯ ಮಾತನ್ನಾಡುತ್ತಿದ್ದೇವೆ.

ಎಷ್ಟು ಎಳೆತನವೋ ಅಷ್ಟು ಬೇಗ ಭಾಷೆ ಬರುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ೧೯೭೮ರಲ್ಲಿ ಕ್ಯಾಥರೀನ್ ಸ್ನೋ ಮತ್ತು ಮರಿಯನ್ ಹುಫ್‌ನಾಗೆಲ್ ಹೋಲೆ ಎಂಬವರು, ಹಾಲೆಂಡಿಗೆ ಹೋಗಿ ನೆಲಸಿ ಡಚ್ ಭಾಷೆಯನ್ನು ಕಲಿಯುತ್ತಿದ್ದ ಇಂಗ್ಲಿಷ್ ಮಾತೃಭಾಷೆಯವರನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಮೊದಲ ಕೆಲವು ತಿಂಗಳಲ್ಲಿ ಎಲ್ಲರಿಗಿಂತ ವೇಗವಾಗಿ ಮುಂದುವರಿದವರು ಮೂರು ನಾಲ್ಕು ವರ್ಷದ ಶಿಶುಗಳಲ್ಲ. ಹನ್ನೆರಡರಿಂದ ಹದಿನೈದು ವಯಸ್ಸಿನವರು ಮತ್ತು ವಯಸ್ಕರು. ೨೦೧೮ರಲ್ಲಿ ಪ್ರಕಟವಾದ, ಆರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಇನ್ನೊಂದು ಪರಿಶೀಲನೆಯಲ್ಲಿ, ವ್ಯಾಕರಣವನ್ನು ಗ್ರಹಿಸುವ ಶಕ್ತಿಯು ಸುಮಾರು ಹದಿನೇಳನೆಯ ವಯಸ್ಸಿನವರೆಗೂ ಹೆಚ್ಚು ಕುಂದುವುದಿಲ್ಲವೆಂಬ ತೀರ್ಮಾನ ಬಂದಿತು. ಮಾತೃಭಾಷಿಕರ ಸರಿಸಮಕ್ಕೆ ಏರಬೇಕಾದರೆ ಹತ್ತು ಹನ್ನೆರಡರೊಳಗೆ ಆರಂಭಿಸಬೇಕೆಂದೂ ಅದೇ ಪರಿಶೀಲನೆ ಹೇಳುತ್ತದೆ. ಉಚ್ಚಾರಣೆಗೂ ಎಳೆತನ ಅನುಕೂಲ. ಆದರೆ ನಮ್ಮ ವಿದ್ಯಾರ್ಥಿಗೆ ಬೇಕಾದುದು ಲಂಡನ್ನಿನ ನಾಲಗೆಯಲ್ಲ. ಪುಸ್ತಕವನ್ನು ಓದಿ ತಿಳಿದುಕೊಳ್ಳುವ, ತಿಳಿದುದನ್ನು ಇತರರಿಗೆ ಅರ್ಥವಾಗುವಂತೆ ಹೇಳುವ ಶಕ್ತಿ. ಇದನ್ನು ಓದುತ್ತಿರುವ ಹದಿನಾಲ್ಕು ಹದಿನೇಳರ ವಾಚಕರು ತಮಗೆ ಕಾಲ ಮೀರಿತೆಂದು ನಿರಾಶರಾಗಬೇಕಾದ ಕಾರಣವಿಲ್ಲ.

ಹಾಗಾದರೆ ತಪ್ಪುಗಳನ್ನು ತಿದ್ದದೆ ಬಿಟ್ಟುಬಿಡೋಣವೆ? ಖಂಡಿತ ಬೇಡ. ಮೇಲಿನ ಹುಡುಗಿಯ ಕಥೆಯೇ ಅದಕ್ಕೆ ಉತ್ತರ. ನಾವು ಹೇಳುವುದಿಷ್ಟೆ: ತಪ್ಪನ್ನು ಮೊದಲು ಓದಬೇಕು, ಆಮೇಲೆ ತೂಗಬೇಕು, ಕೊನೆಗೆ ತಿದ್ದಬೇಕು. ಎಲ್ಲ ತಪ್ಪುಗಳ ತೂಕವೂ ಒಂದೇ ಅಲ್ಲ. ‘ಫೈವ್ ಬುಕ್’ ಎಂದರೆ ಅರ್ಥಕ್ಕೆ ಹಾನಿಯಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ‘ಫಿಫ್ಟೀನ್’ ಎಂಬುದು ‘ಫಿಫ್ಟಿ’ ಎಂದು ಕೇಳಿದರೆ ೧೫ ಮಿಲಿಲೀಟರ್ ಆಮ್ಲದ ಬದಲು ೫೦ ಮಿಲಿಲೀಟರ್ ಬೀಳುತ್ತದೆ. ಇವೆರಡರ ಭೇದ ಹೆಚ್ಚಾಗಿ ಒತ್ತು ಎಲ್ಲಿ ಬೀಳುತ್ತದೆಂಬುದರಲ್ಲಿದೆ. ಲಘು ಗುರುಗಳ ಲೆಕ್ಕವನ್ನು ಬಲ್ಲ ಕನ್ನಡದ ಕಿವಿಗೆ ಈ ಒತ್ತಿನ ಲೆಕ್ಕ ಹೊಸತು. ಅದನ್ನು ಬೇರೆಯಾಗಿಯೇ ಕಲಿಸಬೇಕು. ವೈದ್ಯನು ತರಚುಗಾಯಕ್ಕೂ ಮೂಳೆ ಮುರಿತಕ್ಕೂ ಒಂದೇ ಪಟ್ಟಿ ಕಟ್ಟುವುದಿಲ್ಲ. ಪುಟವೆಲ್ಲ ಕೆಂಪಾದಾಗ ಯಾವುದು ತರಚು, ಯಾವುದು ಮುರಿತ ಎಂಬುದು ಹುಡುಗನಿಗೆ ತಿಳಿಯುವುದಾದರೂ ಹೇಗೆ?

ತರಗತಿಯಲ್ಲಿ ಅರ್ಥಕ್ಕೆ ಮೊದಲ ಸ್ಥಾನವನ್ನು ಕೊಟ್ಟರೆ ಏನಾಗುತ್ತದೆಂಬುದನ್ನು ನಮ್ಮ ನಾಡಿನಲ್ಲಿಯೇ ಪರೀಕ್ಷಿಸಿ ನೋಡಿದ್ದುಂಟು. ೧೯೬೩ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪಿತವಾಯಿತು. ಅದರ ಸಹಯೋಗದಲ್ಲಿ ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಅವರ ತರಗತಿಯಲ್ಲಿ ವ್ಯಾಕರಣದ ಪಾಠಪಟ್ಟಿಯಿರಲಿಲ್ಲ. ರೈಲುವೇಳಾಪಟ್ಟಿ, ನಕ್ಷೆ ಮುಂತಾದುವನ್ನು ಮಕ್ಕಳ ಮುಂದಿಟ್ಟು, ಇಂಥ ಊರಿಗೆ ಇಷ್ಟು ಹೊತ್ತಿಗೆ ತಲಪಬೇಕಾದರೆ ಯಾವ ಗಾಡಿಗೆ ಹತ್ತಬೇಕು ಎಂಬಂಥ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಕೊಡುತ್ತಿದ್ದರು. ಮಕ್ಕಳ ಗಮನವೆಲ್ಲ ಉತ್ತರವನ್ನು ಕಂಡುಹಿಡಿಯುವುದರಲ್ಲಿ. ಭಾಷೆ ಅದರ ಜೊತೆಯಲ್ಲಿ ಬೆಳೆಯಬೇಕೆಂಬುದು ಪ್ರಯೋಗದ ತತ್ತ್ವ. ತಪ್ಪನ್ನು ಬಂದ ಸಂದರ್ಭದಲ್ಲಿ ಸರಿಪಡಿಸಿ ಮುಂದೆ ಹೋಗುತ್ತಿದ್ದರೇ ಹೊರತು, ಅದಕ್ಕಾಗಿ ಪಾಠವನ್ನು ನಿಲ್ಲಿಸುತ್ತಿರಲಿಲ್ಲ. ೧೯೮೫ರಲ್ಲಿ ಪ್ರಕಟವಾದ ಮೌಲ್ಯಮಾಪನವು ಎಚ್ಚರಿಕೆಯ ಮಾತುಗಳೊಡನೆ ಈ ಪದ್ಧತಿಗೆ ಅನುಕೂಲವಾದ ಫಲವನ್ನೇ ಕಂಡಿತು. ಜಗತ್ತಿನ ಇಂಗ್ಲಿಷ್ ಉಪಾಧ್ಯಾಯರು ಇಂದಿಗೂ ಇದನ್ನು ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದ ಓದುತ್ತಾರೆ. ಸಮಸ್ತರಿಗೂ ಒಪ್ಪುವ ಒಂದೇ ಶ್ರೇಷ್ಠ ಪದ್ಧತಿಯೆಂಬುದಿಲ್ಲ ಎಂದು ೧೯೯೦ರಲ್ಲಿ ಬರೆದವರೂ ಪ್ರಭು ಅವರೇ ಎಂಬುದು ಅವರ ವಿವೇಕಕ್ಕೆ ಗುರುತು. ನಾವೂ ಯಾವುದೊಂದು ಪದ್ಧತಿಯ ಡೊಳ್ಳು ಬಾರಿಸಲು ಹೊರಟಿಲ್ಲ.

ಆದರೂ ನಾಲ್ಕು ಸೂಚನೆಗಳನ್ನು ಕೊಡುವುದು ನಮ್ಮ ಕರ್ತವ್ಯ. ಮೊದಲನೆಯದು, ಇಂಗ್ಲಿಷ್ ತರಗತಿಯಿಂದ ಕನ್ನಡವನ್ನು ಹೊರಗಟ್ಟಬಾರದು. ಕನ್ನಡದಲ್ಲಿ ಒಂದು ಮಾತನ್ನಾಡಿದರೆ ದಂಡ ಹಾಕುವ ಶಾಲೆಗಳಿವೆಯೆಂದು ಕೇಳಿದ್ದೇವೆ. ಇಡೀ ಪಾಠವನ್ನು ಭಾಷಾಂತರವಾಗಿ ಮಾಡುವುದೂ ತಪ್ಪೇ, ಏಕೆಂದರೆ ಇಂಗ್ಲಿಷ್ ಕಿವಿಗೆ ಬೀಳದೆ ಇಂಗ್ಲಿಷ್ ಬರುವುದಿಲ್ಲ. ಆದರೆ ‘ವರೆಗೆ’, ‘ಅಷ್ಟು’ ಎಂಬ ಎರಡು ಮಾತುಗಳಿಂದ ಬಗೆಹರಿಯುವ ತೊಡಕಿಗೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ತಡವರಿಸುವುದೇಕೆ? ಎರಡನೆಯದು, ಇಂಗ್ಲಿಷ್ ಉಪಾಧ್ಯಾಯರ ತರಬೇತಿನಲ್ಲಿ ಕನ್ನಡ ವ್ಯಾಕರಣಕ್ಕೂ ಧ್ವನಿಶಾಸ್ತ್ರಕ್ಕೂ ಸ್ಥಾನವಿರಬೇಕು. ರೋಗಿಯ ಪೂರ್ವಸ್ಥಿತಿಯನ್ನು ತಿಳಿಯದ ವೈದ್ಯನಂತೆ, ವಿದ್ಯಾರ್ಥಿಯ ಭಾಷೆಯನ್ನರಿಯದ ಉಪಾಧ್ಯಾಯ. ಮೂರನೆಯದು, ಬಾಯಿಪಾಠ ಮಾಡಿದ ಪ್ರಬಂಧಕ್ಕೂ ಪತ್ರಕ್ಕೂ ಅಂಕ ಕೊಡುವ ಪರೀಕ್ಷೆ ಬದಲಾಗಬೇಕು. ಕಂಠಪಾಠದಲ್ಲಿ ತಪ್ಪುಗಳಿರುವುದಿಲ್ಲ, ತಪ್ಪುಗಳಿಲ್ಲದಲ್ಲಿ ಕಲಿಕೆಯೂ ಇರುವುದಿಲ್ಲ. ನಾಲ್ಕನೆಯದು, ಪದವಿಪೂರ್ವ ತರಗತಿಯ ಮೊದಲ ಕೆಲವು ತಿಂಗಳಲ್ಲಾದರೂ ವಿಜ್ಞಾನದ ಅಧ್ಯಾಪಕರು ಪಾರಿಭಾಷಿಕ ಶಬ್ದಗಳನ್ನು ಎರಡು ಭಾಷೆಗಳಲ್ಲಿಯೂ ಹೇಳಬೇಕು. ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ವಿದ್ಯಾರ್ಥಿಗಳಿಗೆ ಅನುಮತಿಯಿರಬೇಕು.

ವಿದ್ಯಾರ್ಥಿಗಳಿಗೂ ಒಂದು ಮಾತು. ವಿಜ್ಞಾನದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನಿಡಿರಿ. ನಿಮ್ಮ ಇಂಗ್ಲಿಷಿನಲ್ಲಿ ಆದ ತಪ್ಪೊಂದನ್ನು ಎಡಗಡೆಯಲ್ಲಿ ಬರೆಯಿರಿ. ಬಲಗಡೆಯಲ್ಲಿ ಸರಿಯಾದ ರೂಪವನ್ನು ಬರೆಯಿರಿ. ನಡುವೆ, ನಿಮ್ಮ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯವನ್ನು ಬರೆಯಿರಿ. ಒಂದ���ು ತಿಂಗಳು ಹೀಗೆ ಮಾಡಿದರೆ ನೂರಾರು ತಪ್ಪುಗಳೆಂದು ಹೆದರಿದ್ದುವು ಕೆಲವೇ ಕಾರಣಗಳಿಂದ ಹುಟ್ಟಿದುವೆಂಬುದು ನಿಮಗೇ ತಿಳಿಯುತ್ತದೆ. ಕಾರಣ ತಿಳಿದ ಮೇಲೆ ಭಯ ಉಳಿಯುವುದಿಲ್ಲ. ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿತವರೊಬ್ಬರನ್ನೂ ನೆನೆದುಕೊಳ್ಳಿರಿ. ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ ೧೮೫೩ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವಯಸ್ಸು. ಅವರ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದುದು ೧೮೯೪ರಲ್ಲಿ. ನಡುವಣ ನಲವತ್ತೊಂದು ವರ್ಷಗಳಲ್ಲಿ, ಅದರಲ್ಲಿಯೂ ಮೊದಲಿನ ದಿನಗಳಲ್ಲಿ, ಅವರ ಕನ್ನಡವನ್ನು ಕೇಳಿ ತಿದ್ದಿದವರು ಈ ನಾಡಿನ ಜನ. ಅವರು ನಕ್ಕು ಸುಮ್ಮನಾಗಿದ್ದರೆ, ಅಥವಾ ಕಿಟ್ಟೆಲ್ ನಾಚಿ ಸುಮ್ಮನಾಗಿದ್ದರೆ, ನಷ್ಟ ಯಾರದಾಗುತ್ತಿತ್ತು?

ಅಂದು ಸ್ನೇಹಿತರ ಮನೆಯಿಂದ ಹೊರಡುವ ಮೊದಲು ನಾವು ಇದನ್ನೆಲ್ಲ ಅವರೊಡನೆ ಚರ್ಚಿಸಿದೆವು. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಈಚೆಗೆ ಮತ್ತೆ ಹೋದಾಗ ಮೇಜಿನ ಮೇಲೆ ಅದೇ ಪುಸ್ತಕಗಳ ರಾಶಿಯಿತ್ತು. ಒಂದನ್ನು ತೆರೆದು ನೋಡಿದೆವು. ಗೀರುಗಳು ಕಡಿಮೆಯಾಗಿದ್ದುವು. ‘ಓನ್ಲಿ’ ಎಂಬ ಶಬ್ದಕ್ಕೆ ಒಂದು ಸುತ್ತು ಹಾಕಿ, ಪಕ್ಕದಲ್ಲಿ ‘ನಿನ್ನೆಯೇ ಎಂಬುದರ ಏಕಾರ. ಇಂಗ್ಲಿಷಿನಲ್ಲಿ ಇದನ್ನು ದನಿಯ ಒತ್ತಿನಿಂದ ಹೇಳುತ್ತಾರೆ. ನಾಳೆ ತರಗತಿಯಲ್ಲಿ ಹೇಳಿ ತೋರಿಸು’ ಎಂದು ಉಪಾಧ್ಯಾಯರು ಬರೆದಿದ್ದರು. ಅದರ ಕೆಳಗೆ ಹುಡುಗನು ಪೆನ್ಸಿಲಿನಲ್ಲಿ, ‘ಹಾಗಾದರೆ ಆ ಒತ್ತನ್ನು ಬರೆಯುವುದು ಹೇಗೆ ಸಾರ್?’ ಎಂದು ಕೇಳಿದ್ದನು. ಬಹಳ ಒಳ್ಳೆಯ ಪ್ರಶ್ನೆ. ಇಂಥ ಪ್ರಶ್ನೆ ಕೇಳಬಲ್ಲ ಹುಡುಗನಿಗೆ ಇಂಗ್ಲಿಷ್ ಬಾರದೆಂದು ಯಾರೂ ಹೇಳಲಾರರು. ಅವನಿಗೆ ಅದು ಬರುತ್ತಿದೆ.